ಎಸಿ ಅಂಗಡಿಗೆ ಬರೀ ಶಟರ್ ಸಾಕಾ?

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯೊಳಗ ನಮ್ಮ ಸೋದರಮಾವ ಬಟ್ಟೆ ಅಂಗಡಿ ಕಟ್ಟಸಾಕ ಹತ್ಯಾನ. ಮುಂದೆ 12 ಅಡಿ ಅಗಲ, 10 ಅಡಿ ಎತ್ತರದ ರೋಲಿಂಗ್ ಶಟರ್. "ತಮ್ಮಾ, ಒಳಗ ಎಸಿ ಹಾಕಸ್ತೀನಿ. ಬಾಗಲಾ ಬ್ಯಾರೆ ಬೇಕೇನು?" ಅಂದ.

ಇದಕ್ಕೆ ಇಸಿಬಿಸಿ ಅನ್ನೋ ಇಂಧನ ಉಳಿತಾಯದ ಕಟ್ಟಡ ನಿಯಮದಲ್ಲಿ ಲೆಕ್ಕ ಇದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2017ರಲ್ಲಿ ಅದನ್ನು ಪರಿಷ್ಕರಿಸಿತು. ಮುಚ್ಚಿದ ಬಾಗಿಲಿನಿಂದ ಸೋರುವ ಗಾಳಿ ಚದರ ಮೀಟರಿಗೆ ಸೆಕೆಂಡಿಗೆ 2 ಲೀಟರ್ ಮೀರಬಾರದು. ಗಾಜಿನ ಮುಖ್ಯ ಬಾಗಿಲಿಗೆ 5 ಲೀಟರ್ ತನಕ ರಿಯಾಯಿತಿ. ಮಾವನ ಶಟರ್ ಸುಮಾರು 11 ಚದರ ಮೀಟರ್. ಅಂದ್ರೆ 22 ಲೀಟರ್: ಪರೀಕ್ಷೆಯ ಒತ್ತಡದಲ್ಲಿ ಸೆಕೆಂಡಿಗೊಂದು ನೀರಿನ ಕ್ಯಾನಿನಷ್ಟು ಗಾಳಿ. ಸಾದಾ ಶಟರ್ ಮುಚ್ಚಿದ್ರೂ ಸಂದಿಯೊಳಗ ಬೆಳಕು ಕಾಣ್ತದ. ವ್ಯಾಪಾರದ ಹೊತ್ತಿಗಂತೂ ಅದು ಮೇಲೇ ಸುತ್ತಿರ್ತದ, ಪೂರ್ತಿ ಬಯಲು.

ಈ ನಿಯಮ 100 ಕಿಲೋವ್ಯಾಟ್ ಲೋಡ್ ಅಥವಾ 120 ಕೆವಿಎ ಬೇಡಿಕೆ ಮುಟ್ಟಿದ ವಾಣಿಜ್ಯ ಕಟ್ಟಡಗಳಿಗೆ. ಮಾವನ ಅಂಗಡಿ ಅದರ ಹತ್ತಿರಕ್ಕೂ ಬರಲ್ಲ. ಆದ್ರೆ ಹೆಸ್ಕಾಂ ಬಿಲ್ ಬಿಡಂಗಿಲ್ಲ. ದೊಡ್ಡ ಎಸಿ ಹಾಕಿದ್ರಾತು ಅನ್ನೋರು ಅದಾರ. ಬಿಲ್ ಕಟ್ಟೋರು ಅವರಲ್ಲ.

ಹಂಗಾಗಿ ಹೇಳ್ದೆ: ಶಟರ್ ರಾತ್ರಿ ಕಾವಲಿಗೆ ಇರಲಿ. ಅದರ ಹಿಂದೆ ಸಣ್ಣ ಗಾಜಿನ ಬಾಗಿಲು, ಸುತ್ತ ರಬ್ಬರ್ ಪಟ್ಟಿ, ಕೆಳಗೆ ಬ್ರಷ್, ತಾನೇ ಮುಚ್ಚಿಸೋ ಡೋರ್ ಕ್ಲೋಸರ್. ಉಳಿದ ಅಗಲಕ್ಕ ಗಾಜಿನ ಗೋಡೆ. ಏರ್ ಕರ್ಟನ್ ಮಾರೋರೂ ಬರ್ತಾರ. ಅದು ತೆರೆದ ಬಾಗಿಲಿಗೆ ನೆರವು, ಸಂದಿ ಮುಚ್ಚಂಗಿಲ್ಲ.

ಮಾವ ಗಾಜಿನ ರೇಟ್ ಕೇಳಾಕ ಹುಬ್ಬಳ್ಳಿಗೆ ಹೋಗ್ಯಾನ.