ಸೈನಿಕರ ಮನೋರೋಗ ವಾರ್ಡಿನಲ್ಲಿ ಒಂದು ಸುತ್ತು

ಗೇಟಿನಲ್ಲಿ ಮೊಬೈಲ್ ಒಪ್ಪಿಸಿ ಚೀಟಿ ಪಡೆದು ಒಳಗೆ ಹೋದೆ. ಸೇನೆಯ ಆಸ್ಪತ್ರೆಯಲ್ಲವೇ, ದಾರಿಯಂಚಿನ ಕಲ್ಲಿಗೂ ಸುಣ್ಣ. ಮನೋರೋಗ ವಾರ್ಡ್ ಆವರಣದ ತೀರಾ ಹಿಂದುಗಡೆ ಇದೆ.

ಮೊದಲು ಸಿಕ್ಕಿದ್ದು ದಾಖಲಾತಿ ಮೇಜು. ಅಲ್ಲೊಬ್ಬ ಹುಡುಗ ನಿಂತಿದ್ದ. ಅವನ ಫೈಲು ಹಿಡಿದವನು ಯೂನಿಟ್‌ನಿಂದ ಜೊತೆಗೆ ಬಂದ ಇನ್ನೊಬ್ಬ ಜವಾನ. ಇಂಥ ಫೈಲಿಗೆ ಎಎಫ್‌ಎಂಎಸ್‌ಎಫ್-10 ಎಂಬ ನಮೂನೆ ಬೇಕು: ರೋಗಿಯ ನಡವಳಿಕೆ, ಕೆಲಸ ಹೇಗಿತ್ತೆಂದು ಕಮಾಂಡಿಂಗ್ ಆಫೀಸರ್ ಬರೆದುಕೊಡುವ ವರದಿ. ಹೊರಗಾದರೆ ಹೆಂಡತಿಯನ್ನೋ ಅಣ್ಣನನ್ನೋ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಮೇಲಧಿಕಾರಿಯ ಉತ್ತರ. ಹುಡುಗ ತಾನಾಗಿ ಬಂದಿದ್ದನೋ, ಕಳಿಸಿದ್ದಕ್ಕೆ ಬಂದಿದ್ದನೋ, ಮುಖ ನೋಡಿ ನನಗೆ ಗೊತ್ತಾಗಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ಮಾತ್ರ ಅದು ಗೊತ್ತಾಗಲೇಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವನನ್ನು 89ನೇ ಕಲಮಿನಡಿ ಸೇರಿಸಿಕೊಳ್ಳಬೇಕಾದರೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರಾಗಿರಬೇಕು. ಇಟ್ಟುಕೊಳ್ಳುವುದು ಹೆಚ್ಚೆಂದರೆ 30 ದಿನ. ಮುಂದಕ್ಕೆ ಬೇರೆ ಕಲಮು. ಸೇರಿಸಿಕೊಳ್ಳಲು ಅರ್ಜಿ ಹಾಕಬೇಕಾದವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ. ಕಮಾಂಡಿಂಗ್ ಆಫೀಸರ್‌ಗೆ 89ನೇ ಕಲಮಿನಲ್ಲಿ ಜಾಗವೇ ಇಲ್ಲ.

ವಾರ್ಡಿನೊಳಗೆ ಸಾಲು ಮಂಚಗಳು, ಬ್ಯಾರಕ್‌ನ ಅಳತೆಯಲ್ಲೇ ಮಡಿಸಿಟ್ಟ ಕಂಬಳಿಗಳು. ಎಲ್ಲರಿಗೂ ಒಂದೇ ದಿರಿಸು. ಹತ್ತಿರ ಹೋದಾಗ ಕಂಡದ್ದು: ಪೈಜಾಮಕ್ಕೆ ಲಾಡಿ ಇಲ್ಲ, ಎಲಾಸ್ಟಿಕ್, ಕ್ಯಾನ್ವಾಸ್ ಶೂಗಳ ಲೇಸು ಬಿಚ್ಚಿ ತೆಗೆದಿದ್ದಾರೆ, ನಡೆದರೆ ಚಪ್ಪಲಿಯ ಹಾಗೆ ಸದ್ದು. ಕಾಯ್ದೆಯ 20ನೇ ಕಲಮಿನ ಪ್ರಕಾರ ಸಮವಸ್ತ್ರ ತೊಡುವಂತೆ ರೋಗಿಗೆ ಒತ್ತಾಯ ಮಾಡುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸಮವಸ್ತ್ರದಲ್ಲೇ ಬಾಳಿದವರಿಗೆ ಇದು ಹಕ್ಕು ಅನಿಸುತ್ತದೋ ತಮಾಷೆ ಅನಿಸುತ್ತದೋ. ಅಂತೂ ಸ್ವಂತ ಬಟ್ಟೆ ತೊಟ್ಟವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಶಾಕ್ ಚಿಕಿತ್ಸೆಯ ಕೋಣೆಯನ್ನು ಬಾಗಿಲಿನಿಂದಲೇ ನೋಡಿದೆ. ಅರಿವಳಿಕೆ ಕೊಡದೆ ಅದನ್ನು ಮಾಡುವುದು ಈಗ ನಿಷಿದ್ಧ.

ಕೊನೆಗೆ ಮೆಡಿಕಲ್ ಬೋರ್ಡಿನ ಕೋಣೆ. ವಾರ್ಡಿಗಿಂತ ಇಲ್ಲೇ ಮುಖಗಳು ಬಿಗಿದಿದ್ದವು, ಆಶ್ಚರ್ಯವೇನಲ್ಲ. ಯಾರು ಎಷ್ಟು ಫಿಟ್ ಎಂದು ಬೋರ್ಡು ತೀರ್ಮಾನಿಸುವುದು ಇಲ್ಲೇ. ಸೇನೆಯ 'ಶೇಪ್' ವರ್ಗೀಕರಣದಲ್ಲಿ ಎಸ್ ಎಂದರೆ ಮನಸ್ಸು. ಎಸ್-1 ಆದರೆ ಪೂರ್ತಿ ಫಿಟ್, ಎಸ್-5 ಆದರೆ ನೌಕರಿಯೇ ಮುಗಿಯಿತು. ಆಮೇಲೆ ಉಳಿಯುವುದು ಅಂಗವೈಕಲ್ಯ ಪಿಂಚಣಿಯ ಜಗಳ. ಭರ್ತಿಯ ವೇಳೆ ದಾಖಲಾಗದ ಕಾಯಿಲೆ ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತ್ತು.

ಬೆಂಚಿನ ಮೇಲಿದ್ದ ನಡುವಯಸ್ಸಿನವರೊಬ್ಬರು ಗುಮಾಸ್ತರನ್ನು ಕೇಳುತ್ತಿದ್ದುದೂ ಆ ಹಾಳೆಯನ್ನೇ: "ಭರ್ತಿ ಟೈಮಿನ ಮೆಡಿಕಲ್ ಪೇಪರ್ ನಕಲು ಇಲ್ಲೇ ಸಿಗುತ್ತಾ ಸಾಹೇಬ್?"

"ಇಲ್ಲಿಲ್ಲ, ರೆಕಾರ್ಡ್ ಆಫೀಸಿಗೆ ಬರೀಬೇಕು," ಎಂದು ಅವರು ಮುಂದಿನ ಫೈಲು ತೆಗೆದರು.