ಅರಳುಮರಳು: ಹಳೆಯ ನೆನಪಷ್ಟೇ ಉಳಿಯುವುದೇಕೆ?

ಐವತ್ತು ವರ್ಷಗಳ ಹಿಂದಿನ ಜಾತ್ರೆಯನ್ನು ಬಣ್ಣಿಸುವ ಹಿರಿಯರು ಬೆಳಗಿನ ಊಟವನ್ನೇ ಮರೆಯುವುದುಂಟು. ಶೀಳನೆರೆಯಿರಲಿ, ಬೆಂಗಳೂರಿರಲಿ, ಅದನ್ನು ಅರಳುಮರಳೆಂದು ಸುಮ್ಮನಾಗುವವರುಂಟು.

ಹೊಸ ಘಟನೆ ದೀರ್ಘಕಾಲದ ನೆನಪಾಗಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಅವಶ್ಯ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರ ಅಪಸ್ಮಾರ ನಿವಾರಣೆಗೆಂದು ಅದರ ಬಹುಭಾಗವನ್ನು ತೆಗೆಯಲಾಯಿತು. ಬಾಲ್ಯದ ನೆನಪು ಉಳಿಯಿತು. ಹೊಸ ಘಟನೆಗಳು ಮನದಲ್ಲಿ ನಿಲ್ಲದಾದವು. ಆಲ್ಝೈಮರ್ ಕಾಯಿಲೆಯೂ ಸಾಮಾನ್ಯವಾಗಿ ಈ ಭಾಗವನ್ನೇ ಆರಂಭದಲ್ಲಿ ಬಾಧಿಸುತ್ತದೆ. ಆದ್ದರಿಂದ ಹಳೆಯದು ನೆನಪಿದೆಯೆಂಬುದು ಮಿದುಳಿನ ಆರೋಗ್ಯಕ್ಕೆ ಖಾತರಿಯಲ್ಲ.

ವಯಸ್ಸಾದಂತೆ ಮಿದುಳಿನಲ್ಲಾಗುವ ಬದಲಾವಣೆಗಳನ್ನರಿಯಲು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಸ್ಥರಲ್ಲಿ 2018ರಲ್ಲಿ ದೀರ್ಘಾವಧಿ ಅಧ್ಯಯನ ಆರಂಭಿಸಿತು.

ಮರೆವು ಹೆಚ್ಚಿದರೆ ವೈದ್ಯರಿಗೆ ತೋರಿಸುವುದು ಲೇಸು. ಥೈರಾಯ್ಡ್ ಅಥವಾ ಬಿ12 ಕೊರತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು.