ಲೇಖನವನ್ನು ಓದಿದವರು ಯಾರು?

ಸಂಶೋಧನೆಗೈಯುತ್ತಿರುವ ಮಗಳೊಬ್ಬಳು ಈಚೆಗೆ ನಮ್ಮಲ್ಲಿ ತನ್ನ ವ್ಯಥೆಯನ್ನು ತೋಡಿಕೊಂಡಳು. ತಂದೆ ಸಾಲ ಮಾಡಿ ಕೊಟ್ಟ ಹಣವನ್ನು ಪತ್ರಿಕೆಯೊಂದಕ್ಕೆ ತೆತ್ತಿದ್ದಳು. ಎರಡೇ ದಿನಗಳಲ್ಲಿ ಲೇಖನ ಸ್ವೀಕೃತವಾಯಿತು. ಓದಿದವರು ಯಾರೂ ಇಲ್ಲ. ಒಮ್ಮೆ ಅಚ್ಚಾದುದನ್ನು ಉತ್ತಮ ಪತ್ರಿಕೆಗಳು ಮತ್ತೆ ಸ್ವೀಕರಿಸವು. ವರ್ಷಗಳ ದುಡಿಮೆ ವ್ಯರ್ಥವಾಯಿತು.

ಪ್ರಾಮಾಣಿಕ ಪತ್ರಿಕೆಯು ಲೇಖನವನ್ನು ವಿಷಯತಜ್ಞರಿಗೆ ಕಳುಹಿಸುತ್ತದೆ. ಅವರು ದೋಷಗಳನ್ನು ತೋರುತ್ತಾರೆ. ತಿದ್ದಲು ತಿಂಗಳುಗಳೇ ಹಿಡಿಯುತ್ತವೆ. ಆ ತಿದ್ದುವಿಕೆಯೇ ಸಂಶೋಧಕನಿಗೆ ನಿಜವಾದ ಶಿಕ್ಷಣ. ಶುಲ್ಕ ಕೇಳುವ ಪತ್ರಿಕೆಗಳೆಲ್ಲವೂ ಸುಳ್ಳಲ್ಲ. ಓದದೆ ಒಪ್ಪುವುದು ಮಾತ್ರ ಸುಳ್ಳು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನಿಯಮಗಳಲ್ಲಿ, ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿದೆ. ತಮ್ಮ ವಿಶ್ವವಿದ್ಯಾಲಯದ ನಿಯಮವೇನೆಂದು ಮೊದಲು ವಿಚಾರಿಸಬೇಕು. ತಂದೆತಾಯಂದಿರೇ, ಹಣ ಕೊಡುವ ಮುನ್ನ ಮಕ್ಕಳನ್ನು ಕೇಳಿರಿ: ಇದನ್ನು ಓದಿ ತಿದ್ದಿದವರು ಯಾರು?